ಶೂನ್ಯಮಾಸವು ಶೂನ್ಯವೆ?



ಚನ್ನರಾಯಪಟ್ಟಣದ ಗೃಹಸ್ಥರೊಬ್ಬರು ನಮಗೊಂದು ಕಾಗದವನ್ನು ಬರೆದಿರುವರು. ಅವರ ಸೋದರಿಯ ಮಗಳು ಪತಿಯ ಉದ್ಯೋಗನಿಮಿತ್ತವಾಗಿ ಹಂಗೆರಿ ದೇಶದ ಚಿಕ್ಕ ಪಟ್ಟಣವೊಂದರಲ್ಲಿ ಮಕ್ಕಳೊಡನೆ ವಾಸವಾಗಿರುವಳಂತೆ. ಕ್ರಿಸ್ಮಸ್ ಹಬ್ಬಕ್ಕೆ ಮುಂಚಿನ ನಾಲ್ಕು ವಾರಗಳಲ್ಲಿ ಆ ಊರಿನ ಚೌಕದಲ್ಲಿ ನಡೆಯುವ ಉತ್ಸವವನ್ನೂ, ದೀಪಗಳನ್ನೂ, ಮಕ್ಕಳಿಗಾಗಿ ಏರ್ಪಡಿಸುವ ವಿನೋದಗಳನ್ನೂ ಆಕೆ ವರ್ಣಿಸಿ, ಕೊನೆಯಲ್ಲಿ “ಮಾವ, ಮಕ್ಕಳುಮರಿಗಳೊಡನೆ ಹೋಗಿ ನೋಡತಕ್ಕಂಥಾದ್ದು ನಮ್ಮ ಕಡೆ ಒಂದೂ ಇಲ್ಲವಲ್ಲ!” ಎಂದು ಬರೆದಳಂತೆ. ಈ ಮಾತಿಗೆ ಏನು ಉತ್ತರ ಹೇಳಬೇಕೆಂಬುದು ಗೃಹಸ್ಥರ ಪ್ರಶ್ನೆ. ಪ್ರಶ್ನೆಯು ಒಂದು ಮನೆಯದಾದರೂ ಸಂದೇಹವು ಅನೇಕ ಮನೆಗಳದಾದುದರಿಂದ ಈ ತಿಂಗಳು ಅದನ್ನೇ ವಿಚಾರಕ್ಕೆ ತೆಗೆದುಕೊಂಡಿರುವೆವು.

ಮೊದಲು ಆ ದೇಶದ ಆಚಾರವನ್ನು ತಿಳಿಯೋಣ. ಪರರದನ್ನು ತಿಳಿಯದೆ ನಮ್ಮದನ್ನು ಹೊಗಳುವುದು ವಿವೇಕವಲ್ಲ. ‘ಅಡ್ವೆಂಟ್’ ಎಂಬುದು ಲ್ಯಾಟಿನ್ ಭಾಷೆಯ ಶಬ್ದದಿಂದ ಬಂದುದು. ‘ಬರುವಿಕೆ’ ಎಂದು ಅದರ ಅರ್ಥ. ನಮ್ಮ ನಾಡಿನ ಕ್ರೈಸ್ತರು ಇದನ್ನು ‘ಆಗಮನ ಕಾಲ’ವೆಂದು ಸೊಗಸಾಗಿ ಕನ್ನಡಿಸಿರುವರು. ಕ್ರಿಸ್ಮಸ್ಸಿಗೆ ಹಿಂದಿನ ನಾಲ್ಕು ಭಾನುವಾರಗಳನ್ನು ಒಳಗೊಂಡ ಈ ಕಾಲವು ನವೆಂಬರ್ 27ರಿಂದ ಡಿಸೆಂಬರ್ 3ರೊಳಗಿನ ಒಂದು ಭಾನುವಾರ ಮೊದಲಾಗಿ ಡಿಸೆಂಬರ್ 24ಕ್ಕೆ ಮುಗಿಯುವುದು. ಹಸುರೆಲೆಯ ಬಳೆಯೊಂದರಲ್ಲಿ ನಾಲ್ಕು ಮೇಣದ ಬತ್ತಿಗಳನ್ನು ನಿಲ್ಲಿಸಿ, ಮೊದಲನೆಯ ಭಾನುವಾರ ಒಂದನ್ನೂ, ಎರಡನೆಯ ಭಾನುವಾರ ಎರಡನ್ನೂ, ಹೀಗೆಯೇ ಏರಿಸುತ್ತ ಹಚ್ಚುವರು. ಈ ಪದ್ಧತಿಯು ಬಹಳ ಪುರಾತನವಾದುದಲ್ಲ. ಜರ್ಮನಿಯ ಹ್ಯಾಂಬರ್ಗಿನಲ್ಲಿ ನಿರ್ಗತಿಕ ಬಾಲಕರಿಗೆ ಆಶ್ರಯವನ್ನು ಕಲ್ಪಿಸಿದ್ದ ಯೋಹಾನ್ ಹಿನ್ರಿಖ್ ವಿಖರ್ನ್ ಎಂಬ ಪಾದ್ರಿಯು 1839ರಲ್ಲಿ ಇದನ್ನು ಮೊದಲು ಮಾಡಿದನು. “ಹಬ್ಬ ಎಂದು? ಹಬ್ಬ ಎಂದು?” ಎಂದು ಕೇಳುವ ಮಕ್ಕಳಿಗೆ ದಿನಗಳನ್ನು ಎಣಿಸಲು ಕಲಿಸುವ ಉಪಾಯವಾಗಿ ಹುಟ್ಟಿದ ಈ ದೀಪಚಕ್ರವು ಇಂದು ಯೂರೋಪಿನ ಮನೆಮನೆಗಳನ್ನು ಹೊಕ್ಕಿರುವುದು.

ಹಂಗೆರಿಯವರು ಇದಕ್ಕೆ ತಮ್ಮವೇ ಆದ ಅನೇಕ ಆಚಾರಗಳನ್ನು ಸೇರಿಸಿರುವರು. ಡಿಸೆಂಬರ್ 5ರ ರಾತ್ರಿ ಹುಡುಗರು ತಮ್ಮ ಪಾದರಕ್ಷೆಗಳನ್ನು ತಾವೇ ಉಜ್ಜಿ ಹೊಳಪೇರಿಸಿ ಕಿಟಕಿಯಲ್ಲಿ ಇಡುವರು. ಬೆಳಗಾಗುವುದರೊಳಗೆ ಮಿಕುಲಾಶ್ ಎಂದು ಅವರು ಕರೆಯುವ ಸಂತ ನಿಕೊಲಾಸನು ಅದರೊಳಗೆ ಸಿಹಿತಿಂಡಿಯನ್ನು ತುಂಬಿ ಹೋಗುವನೆಂಬುದು ನಂಬುಗೆ. ಡಿಸೆಂಬರ್ 13 ಸಂತ ಲುತ್ಸಾಳ ದಿನ. ಅಂದು ತಟ್ಟೆಯಲ್ಲಿ ಗೋಧಿಯನ್ನು ಬಿತ್ತಿ ದಿನವೂ ನೀರೆರೆದರೆ, ಹಬ್ಬದ ವೇಳೆಗೆ ಹಸುರು ಮೊಳಕೆಗಳು ಎದ್ದು ನಿಲ್ಲುವುವು. ನವರಾತ್ರಿಯಲ್ಲಿ ಘಟಸ್ಥಾಪನೆ ಮಾಡಿ ಧಾನ್ಯವನ್ನು ಮೊಳೆಯಿಸುವ ಮನೆಗಳವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಹಬ್ಬಕ್ಕೆ ಮುಂಚಿನ ಒಂಬತ್ತು ದಿವಸ, ಬಸುರಿಯಾದ ಮೇರಿಯೂ ಆಕೆಯ ಪತಿಯಾದ ಜೋಸೆಫನೂ ಇಳಿದುಕೊಳ್ಳಲು ಎಡೆಯನ್ನು ಹುಡುಕಿದ ಕಥೆಯನ್ನು ನೆನೆಯುತ್ತ, ಅವರ ಚಿತ್ರಪಟವನ್ನು ದಿನಕ್ಕೊಂದು ಮನೆಯಂತೆ ಕೊಂಡೊಯ್ದು, ಹಾಡಿ, ಆ ಮನೆಯಲ್ಲಿ ಒಂದು ರಾತ್ರಿ ಇರಿಸುವರು. ಹಬ್ಬದ ಊಟಕ್ಕೆ ಗಸಗಸೆಯ ಹೂರಣವಿಟ್ಟು ಸುರುಳಿ ಸುತ್ತಿ ಬೇಯಿಸಿದ ಭಕ್ಷ್ಯವು ಆಗಲೇಬೇಕು.

ಇವೆಲ್ಲಕ್ಕಿಂತಲೂ ನಮ್ಮ ಮನಸ್ಸನ್ನು ಸೆಳೆಯತಕ್ಕುದು ಮತ್ತೊಂದುಂಟು. ಆಗಮನ ಕಾಲದಲ್ಲಿ ಅಲ್ಲಿಯ ಕ್ಯಾಥೊಲಿಕರು ಸೂರ್ಯೋದಯಕ್ಕೆ ಮುಂಚೆಯೇ, ಕತ್ತಲೆಯಲ್ಲಿ, ಹಿಮದ ಮೇಲೆ ನಡೆದು ದೇವಾಲಯಕ್ಕೆ ಹೋಗಿ ಪೂಜೆಯಲ್ಲಿ ಸೇರುವರು. ಈ ಮುಂಬೆಳಗಿನ ಪೂಜೆಗೆ ‘ರೋರಾತೆ’ ಎಂದು ಹೆಸರು. ಆ ಲ್ಯಾಟಿನ್ ಪದಕ್ಕೆ ‘ಇಬ್ಬನಿಯನ್ನು ಸುರಿಸಿರಿ’ ಎಂದರ್ಥ. ಆಗಮನ ಕಾಲದಲ್ಲಿ ವಿವಾಹಗಳನ್ನು ವಿಜೃಂಭಣೆಯಿಂದ ಮಾಡದಿರುವುದೂ, ನವೆಂಬರ್ 25ರ ಸಂತ ಕ್ಯಾಥರೀನಳ ದಿನಕ್ಕೆ ನೃತ್ಯವಿನೋದಗಳನ್ನು ಮುಗಿಸಿಬಿಡುವುದೂ ಅಲ್ಲಿಯ ಹಳೆಯ ಸಂಪ್ರದಾಯ.

ವಾಚಕರೆ, ಮಾರ್ಗಶಿರದ ಚಳಿ, ಇಬ್ಬನಿ, ಅರುಣೋದಯದ ಪೂಜೆ, ಮದುವೆ ಮುಂಜಿಗಳಿಲ್ಲದ ತಿಂಗಳು, ಇವನ್ನು ನಾವು ಎಲ್ಲಿಯೋ ಕಂಡಿರುವೆವಲ್ಲವೆ? ಡಿಸೆಂಬರ್ 16ರ ಸುಮಾರಿಗೆ ರವಿಯು ಧನೂರಾಶಿಯನ್ನು ಪ್ರವೇಶಿಸಿದಂದಿನಿಂದ ಮಕರ ಸಂಕ್ರಾಂತಿಯವರೆಗೆ ನಮ್ಮಲ್ಲಿ ನಡೆಯುವ ಧನುರ್ಮಾಸವು ಇದೇ ಅಲ್ಲವೆ? ಅವರ ಆಗಮನ ಕಾಲದ ಕಡೆಯ ಒಂಬತ್ತು ದಿವಸಗಳೂ ನಮ್ಮ ಧನುರ್ಮಾಸದ ಮೊದಲ ಒಂಬತ್ತು ದಿವಸಗಳೂ ಹೆಚ್ಚುಕಡಮೆ ಒಂದೇ ಆಗಿರುವುವು. ಅಲ್ಲಿಯ ಅಜ್ಜಿಯು ಕತ್ತಲಲ್ಲಿ ಮೊಮ್ಮಗನ ಕೈಹಿಡಿದು ಹಿಮವನ್ನು ತುಳಿಯುವ ದಿನವೇ ಹೊಳೆನರಸೀಪುರದ ಅಜ್ಜಿಯು ಹೇಮಾವತಿಯ ಮಂಜಿನೊಳಗೆ ಲಕ್ಷ್ಮೀನರಸಿಂಹಸ್ವಾಮಿಯ ಗುಡಿಗೆ ನಡೆಯುವಳು. ಮತ ಬೇರೆ, ದೇವರ ಹೆಸರು ಬೇರೆ. ಆದರೆ ಬೆಳಕಿಗಾಗಿ ಕಾಯುವ ಮನುಷ್ಯಸ್ವಭಾವವು ಒಂದೇ.

ಈ ಕಾಯುವಿಕೆಗೆ ಕಾರಣವು ಆಕಾಶದಲ್ಲಿಯೇ ಇರುವುದು. ಡಿಸೆಂಬರ್ 21 ಅಥವಾ 22 ನಮ್ಮ ಉತ್ತರಾರ್ಧಗೋಳದಲ್ಲಿ ಹಗಲು ಅತ್ಯಂತ ಚಿಕ್ಕದಾಗಿರುವ ದಿನ. ಹಾಸನವು ವಿಷುವದ್ರೇಖೆಯಿಂದ 13 ಅಂಶ ಮಾತ್ರ ಉತ್ತರಕ್ಕಿರುವುದರಿಂದ ಅಂದೂ ನಮಗೆ ಹನ್ನೊಂದು ಗಂಟೆಗೆ ಮೀರಿ ಹಗಲುಂಟು. ಹಂಗೆರಿಯ ರಾಜಧಾನಿಯಾದ ಬುಡಾಪೆಸ್ಟ್ 47 ಅಂಶಕ್ಕೆ ಮೇಲಿದ್ದು, ಅಲ್ಲಿ ಹಗಲು ಎಂಟೂವರೆ ಗಂಟೆಗೆ ಇಳಿಯುವುದು; ಸಾಯಂಕಾಲ ನಾಲ್ಕಕ್ಕೆಲ್ಲ ಸೂರ್ಯನು ಮುಳುಗಿರುವನು. ಆದುದರಿಂದ ವಾರಕ್ಕೊಂದು ದೀಪವನ್ನು ಹೆಚ್ಚಿಸುವುದರ ಸ್ವಾರಸ್ಯವು ಅವರಿಗೆ ನಮಗಿಂತಲೂ ಚೆನ್ನಾಗಿ ತಿಳಿಯುವುದು. ಇನ್ನೊಂದು ವಿಶೇಷವೇನೆಂದರೆ, 1582ರಲ್ಲಿ ಯೂರೋಪಿನ ಪಂಚಾಂಗವನ್ನು ತಿದ್ದುವುದಕ್ಕೆ ಮುಂಚೆ ಲುತ್ಸಾಳ ದಿನವೇ ಹೆಚ್ಚುಕಡಮೆ ವರ್ಷದ ಅತಿದೀರ್ಘವಾದ ರಾತ್ರಿಯಾಗಿ ಬೀಳುತ್ತಿದ್ದಿತು. ಹಂಗೆರಿಯು ಹೊಸ ಪಂಚಾಂಗವನ್ನು 1587ರಲ್ಲಿ ಸ್ವೀಕರಿಸಿತು. ಲೆಕ್ಕವು ಸರಿಯಾಯಿತು, ಜನರ ರೂಢಿ ಮಾತ್ರ ಹಳೆಯ ದಿನಕ್ಕೇ ಅಂಟಿಕೊಂಡಿತು. ನಮ್ಮಲ್ಲಿಯೂ ಉತ್ತರಾಯಣವು ನಿಜವಾಗಿ ಡಿಸೆಂಬರಿನಲ್ಲಿಯೇ ಆರಂಭವಾದರೂ, ನಕ್ಷತ್ರಗಳನ್ನನುಸರಿಸಿ ಎಣಿಸುವ ನಿರಯಣ ಪದ್ಧತಿಯಿಂದ ಸಂಕ್ರಾಂತಿಯು ಸುಮಾರು 72 ವರ್ಷಗಳಿಗೆ ಒಂದು ದಿನದಂತೆ ಮುಂದೆ ಸರಿಯುತ್ತ ಜನವರಿ 14, 15ಕ್ಕೆ ಬಂದು ನಿಂತಿರುವುದು. ಎರಡು ದೇಶಗಳಲ್ಲಿಯೂ ಪಂಚಾಂಗಕ್ಕಿಂತ ವಾಡಿಕೆಯೇ ಬಲವಾಯಿತು.

ನಮ್ಮಲ್ಲಿ ಸಾಮಾನ್ಯ ಜನರು ಧನುರ್ಮಾಸವನ್ನು ‘ಶೂನ್ಯಮಾಸ’ವೆಂದು ಕರೆಯುವುದುಂಟು. ಶುಭಕಾರ್ಯಗಳಿಲ್ಲವಾದುದರಿಂದ ಈ ಹೆಸರು ಬಂದಿತೇ ಹೊರತು ತಿಂಗಳು ಬರಿದೆಂಬ ಅಭಿಪ್ರಾಯದಿಂದಲ್ಲ. ಭಗವದ್ಗೀತೆಯ ಹತ್ತನೆಯ ಅಧ್ಯಾಯದಲ್ಲಿ ಶ್ರೀಕೃಷ್ಣನು ಮಾಸಗಳಲ್ಲಿ ಮಾರ್ಗಶೀರ್ಷವೇ ತಾನೆಂದು ಹೇಳಿಕೊಂಡಿರುವನು. ಮದುವೆಯ ಓಡಾಟ, ಉಡುಗೊರೆಯ ಚಿಂತೆ, ಬೀಗರ ಉಪಚಾರ ಇವೆಲ್ಲವನ್ನೂ ತೆಗೆದುಹಾಕಿ, ಮನೆಯವರು ಮನೆಯವರೊಡನೆಯೇ ಇರಲೆಂದು ಹಿರಿಯರು ಬಿಡಿಸಿಟ್ಟ ತಿಂಗಳಿದು. ಶ್ರೀವೈಷ್ಣವರ ಮನೆಗಳಲ್ಲಿಯೂ ಗುಡಿಗಳಲ್ಲಿಯೂ ಗೋದಾದೇವಿಯ ತಿರುಪ್ಪಾವೈಯ ಮೂವತ್ತು ಪಾಶುರಗಳನ್ನು ದಿನಕ್ಕೊಂದರಂತೆ ಅನುಸಂಧಾನ ಮಾಡುವರು. ಪಾಶ್ಚಾತ್ಯ ಮಕ್ಕಳು ಇಪ್ಪತ್ತನಾಲ್ಕು ಪುಟ್ಟ ಬಾಗಿಲುಗಳುಳ್ಳ ರಟ್ಟಿನ ಪಟದಲ್ಲಿ ದಿನಕ್ಕೊಂದು ಬಾಗಿಲನ್ನು ತೆರೆದು ಹಬ್ಬವನ್ನು ಎಣಿಸುವರಷ್ಟೆ. ನಮ್ಮ ಗೋದಾದೇವಿಯು ಅದಕ್ಕೆ ಎಷ್ಟೋ ಶತಮಾನಗಳ ಹಿಂದೆಯೇ ಮೂವತ್ತು ಬಾಗಿಲುಗಳನ್ನು ಮಾಡಿಟ್ಟಳು.

ಇನ್ನು ಹುಗ್ಗಿಯ ಮಾತು. ಅಕ್ಕಿ, ಹೆಸರುಬೇಳೆ, ಮೆಣಸು, ಜೀರಿಗೆ, ತುಪ್ಪ ಇವುಗಳಿಂದಾದ ಬಿಸಿ ಹುಗ್ಗಿಯನ್ನು ಬೆಳಗಾಗುವ ಮುಂಚೆಯೇ ನಿವೇದಿಸಿ ಹಂಚುವುದೇಕೆ? ಹೇಮಂತ ಋತುವಿನಲ್ಲಿ ಜಠರಾಗ್ನಿಯು ಪ್ರಬಲವಾಗಿರುವುದೆಂದೂ, ರಾತ್ರಿಗಳು ದೀರ್ಘವಾದುದರಿಂದ ಪ್ರಾತಃಕಾಲದಲ್ಲಿಯೇ ಹಸಿವಾಗುವುದೆಂದೂ ವಾಗ್ಭಟನು ಋತುಚರ್ಯೆಯಲ್ಲಿ ಹೇಳಿರುವನು. ಶಾಸ್ತ್ರವನ್ನೋದದ ಬಾಲಕನೂ ಗುಡಿಯಲ್ಲಿ ದೊನ್ನೆಯನ್ನು ಮುಂದೆ ಹಿಡಿಯುವಾಗ ಈ ಸಿದ್ಧಾಂತವನ್ನು ಪೂರ್ಣವಾಗಿ ಒಪ್ಪುವನು! ಸಮುದ್ರಮಟ್ಟದಿಂದ 900 ಮೀಟರುಗಳಿಗೂ ಮೇಲಿರುವ ಹಾಸನದ ಚಳಿಯೂ, ಹೊಲದಿಂದ ಆಗತಾನೆ ಬಂದ ಸೊಗಡವರೆಯ ಪರಿಮಳವೂ ಈ ತಿಂಗಳಿಗೆ ಮತ್ತಷ್ಟು ಕಳೆಯನ್ನು ಕೊಡುವುವು.

ಮಕ್ಕಳೊಡನೆ ಹೋಗಿ ನೋಡತಕ್ಕ ಉತ್ಸವವು ಬೇಕೆಂಬುವರಿಗೆ ಅರಕಲಗೂಡು ತಾಲ್ಲೂಕಿನ ರಾಮನಾಥಪುರವಿದೆ. ಅರ್ಕೇಶ್ವರನ ಊರಾದ ಅರಕಲಗೂಡಿನ ಹೆಸರಿನಲ್ಲಿಯೇ ಸೂರ್ಯನಿರುವನು. ಅಲ್ಲಿಂದ ಮುಂದೆ ಹೋದರೆ ಕಾವೇರಿಯ ದಡದಲ್ಲಿ ರಾಮನಾಥಪುರ. ಮಾರ್ಗಶಿರ ಶುದ್ಧ ಷಷ್ಠಿಯಂದು, ಎಂದರೆ ಸಾಮಾನ್ಯವಾಗಿ ಆ ದೇಶದವರ ಆಗಮನ ಕಾಲದಲ್ಲಿಯೇ, ಇಲ್ಲಿ ಸುಬ್ರಹ್ಮಣ್ಯಸ್ವಾಮಿಯ ರಥೋತ್ಸವ ನಡೆಯುವುದು. ತೇರಿಗೆ ಹಣ್ಣುಜವನವನ್ನು ಎಸೆಯುವ ಉತ್ಸಾಹವೂ, ಕಡಲೆಪುರಿ ಬೆಂಡುಬತ್ತಾಸಿನ ಅಂಗಡಿಗಳ ಸಾಲೂ, ಪೀಪಿಯ ಶಬ್ದವೂ ಮಕ್ಕಳಿಗೆ ಯಾವ ಚೌಕದ ಸಂತೆಗೂ ಕಡಮೆಯಲ್ಲ. ರಾಮನಾಥೇಶ್ವರನ ಸನ್ನಿಧಿಯ ಬಳಿ ವಹ್ನಿಪುಷ್ಕರಿಣಿಯೆಂಬ ಮಡುವಿನಲ್ಲಿ ದೊಡ್ಡ ದೊಡ್ಡ ಮೀನುಗಳು ಸೇರುವುವು. ಅವುಗಳನ್ನು ಹಿಡಿಯುವಂತಿಲ್ಲ, ಪುರಿಯನ್ನೆರಚಿ ನೋಡಿ ನಲಿಯಬಹುದು.

ಜನಸಂದಣಿಯನ್ನು ಸಹಿಸಲಾರದವರು ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಗೆ ಹೋಗಬಹುದು. 1246ರಲ್ಲಿ ಹೊಯ್ಸಳರ ದಂಡನಾಯಕನಾದ ಬೊಮ್ಮಣ್ಣನು ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯದ ಗೋಡೆಗಳ ಸುತ್ತಲೂ ಪುರಾಣಕಥೆಗಳು ಶಿಲೆಯಾಗಿ ನಿಂತಿರುವುವು. ಮೊಮ್ಮಕ್ಕಳಿಗೆ ಕಥೆ ಹೇಳಬಲ್ಲ ತಾತನೊಬ್ಬನು ಜೊತೆಗಿದ್ದರೆ ಸಾಕು. ಹಾಸನದಿಂದ ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ಈ ಮೂರು ಪಟ್ಟಣಗಳೂ ನಲವತ್ತು ಕಿಲೋಮೀಟರುಗಳೊಳಗೇ ಇರುವುವು. ಚನ್ನರಾಯಪಟ್ಟಣದ ಮೇಲೆ ಬೆಂಗಳೂರಿಗೆ ಹೋಗುವ ರೈಲು ಮಾರ್ಗವು 2017ರಲ್ಲಿ ಪೂರ್ತಿಯಾದ ಮೇಲೆ ಪ್ರಯಾಣದ ತೊಂದರೆಯ ನೆಪವೂ ಉಳಿದಿಲ್ಲ.

ಆಗಮನ ಕಾಲವನ್ನೇ ನೋಡಬೇಕೆಂದರೂ ದೂರ ಹೋಗಬೇಕಾಗಿಲ್ಲ. ಹಾಸನದ ಸಮೀಪದ ಶೆಟ್ಟಿಹಳ್ಳಿಯಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ದೊಡ್ಡದೊಂದು ಇಗರ್ಜಿಯಿದ್ದಿತು. ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಮುಗಿದು ನೀರು ನಿಂತಾಗ ಆ ಊರು ಮುಳುಗಡೆಯಾಯಿತು. ಜನರನ್ನು ಬೇರೆ ಎಡೆಗಳಲ್ಲಿ ನೆಲೆಗೊಳಿಸಲಾಯಿತು. ಇಂದಿಗೂ ಜಲಾಶಯವು ತುಂಬಿದಾಗ ಆ ಕಟ್ಟಡದ ಗೋಡೆಗಳು ನೀರಿನ ನಡುವೆ ನಿಂತಿರುವುದನ್ನು ನೋಡಲು ದೂರದೂರದಿಂದ ಜನರು ಬರುವರು. ನೋಡಬಂದವರು ಗೋಡೆಗಳನ್ನು ನೋಡಿ ಹೋಗುವರು. ಹಬ್ಬವಾದರೋ ಜನರೊಡನೆ ಎದ್ದು ಹೋಯಿತು. ನಮ್ಮ ಜಿಲ್ಲೆಯ ಕ್ರೈಸ್ತರ ಮನೆಗಳಲ್ಲಿ ಡಿಸೆಂಬರ್ ಬಂದಿತೆಂದರೆ ಮಕ್ಕಳು ಹುಲ್ಲು, ಮಣ್ಣು, ಕಾಗದಗಳಿಂದ ಗೋದಲಿಯನ್ನು ಕಟ್ಟುವರು. ಕಟ್ಟಡ ಮುಳುಗಿದರೂ ಹಬ್ಬವು ಮುಳುಗದಿರುವುದಕ್ಕೆ ಆ ಪುಟ್ಟ ಕೈಗಳೇ ಕಾರಣ.

ಇಲ್ಲಿಗೆ ಬಂದಾಗ ನಮ್ಮ ವಿಚಾರದ ಮುಖ್ಯಾಂಶವು ಕಣ್ಣಿಗೆ ಬೀಳುವುದು. ಹಂಗೆರಿಯ ಆ ಚಿಕ್ಕ ಪಟ್ಟಣವು ಮಕ್ಕಳಿಗೆ ಪ್ರಿಯವಾಗಿರುವುದು ದೀಪಗಳ ಸಂಖ್ಯೆಯಿಂದಲ್ಲ. ಪಾದರಕ್ಷೆ ಉಜ್ಜುವುದು, ಗೋಧಿಗೆ ನೀರೆರೆಯುವುದು, ಬತ್ತಿ ಹಚ್ಚುವುದು, ಪಟವನ್ನು ಮನೆಯಿಂದ ಮನೆಗೆ ಒಯ್ಯುವುದು, ಹೀಗೆ ಪ್ರತಿಯೊಂದು ಮಗುವಿಗೂ ಅಲ್ಲಿ ಒಂದೊಂದು ಕೆಲಸವುಂಟು. ಮೂವತ್ತಕ್ಕೂ ಹೆಚ್ಚು ವರ್ಷ ಹುಡುಗರಿಗೆ ಪಾಠ ಹೇಳಿ ಕಂಡುಕೊಂಡ ಮಾತಿದು: ಮಕ್ಕಳು ತಾವು ನೋಡಿದ್ದನ್ನು ಮರೆಯುವರು, ತಾವು ಹೊತ್ತದ್ದನ್ನು ಮರೆಯಲಾರರು. ವಿಹಾರಕ್ಕೆ ಕರೆದುಕೊಂಡು ಹೋದಾಗ ನಾವು ವಿವರಿಸಿದ ಶಿಲ್ಪವು ಅವರಿಗೆ ನೆನಪಿರುತ್ತಿರಲಿಲ್ಲ. ಬುತ್ತಿಯ ಗಂಟನ್ನು ಹೊತ್ತು ತಂದ ಹುಡುಗನು ಮಾತ್ರ ಇಪ್ಪತ್ತು ವರ್ಷಗಳ ಮೇಲೂ ಆ ದಿನದ ವೃತ್ತಾಂತವನ್ನು ಹೇಳುವನು.

ನಮ್ಮ ಧನುರ್ಮಾಸದಲ್ಲಿ ಮಕ್ಕಳ ಕೆಲಸಕ್ಕೆ ಕೊರತೆಯಿದ್ದಿತೆ? ಬಾಗಿಲಿಗೆ ರಂಗವಲ್ಲಿ ಹಾಕುವುದು, ತುಳಸಿಯನ್ನು ಬಿಡಿಸುವುದು, ಗಂಟೆ ಬಾರಿಸುವುದು, ದೊನ್ನೆ ಹಂಚುವುದು. ಸಂಕ್ರಾಂತಿಯು ಹತ್ತಿರವಾದಂತೆ ಕೊಬ್ಬರಿಯನ್ನೂ ಬೆಲ್ಲವನ್ನೂ ಸಣ್ಣ ಸಣ್ಣ ಚೂರುಗಳಾಗಿ ಹೆಚ್ಚಿ ಬಿಸಿಲಿಗೆ ಹರಡಿ ಕಾಗೆ ಓಡಿಸುವುದು, ಸಕ್ಕರೆ ಅಚ್ಚಿನ ಮಣೆಗಳನ್ನು ತೊಳೆದು ಕಟ್ಟುವುದು, ಹಬ್ಬದಂದು ತಟ್ಟೆ ಹಿಡಿದು ಮನೆಮನೆಗೂ ಎಳ್ಳು ಬೀರುವುದು. ಈಗ ಎಳ್ಳುಬೆಲ್ಲವು ಅಂಗಡಿಯಲ್ಲಿ ಪೊಟ್ಟಣವಾಗಿ ದೊರೆಯುವುದು. ರಂಗವಲ್ಲಿಯು ಅಂಟಿಸುವ ಕಾಗದವಾಗಿ ಬರುವುದು. ಕೊಂಡುತರುವುದು ತಪ್ಪೆಂದು ನಾವು ಹೇಳುವುದಿಲ್ಲ. ದುಡಿಯುವ ಹೆಂಗಸರಿಗೆ ಬಿಡುವು ಕಡಮೆ. ಆದರೆ ಎಲ್ಲವನ್ನೂ ಕೊಂಡು ತಂದ ಮನೆಯಲ್ಲಿ ಮಗುವಿಗೆ ಉಳಿಯುವ ಕೆಲಸವು ನೋಡುವುದೊಂದೇ. ಬರಿಯ ನೋಡುವುದಕ್ಕಾದರೆ ಕೈಯಲ್ಲಿರುವ ಮೊಬೈಲು ನಮ್ಮ ತೇರಿಗಿಂತಲೂ ಹೆಚ್ಚಿನದನ್ನು ತೋರಿಸುವುದು. ಆಗ “ನಮ್ಮ ಕಡೆ ಒಂದೂ ಇಲ್ಲ” ಎಂದು ಮಕ್ಕಳು ಹೇಳಿದರೆ ತಪ್ಪು ಅವರದಲ್ಲ.

“ಚಳಿಯಲ್ಲಿ ಎಬ್ಬಿಸಿದರೆ ಮಕ್ಕಳಿಗೆ ನೆಗಡಿಯಾದೀತು, ಪಾಠಕ್ಕೆ ತೊಂದರೆಯಾದೀತು” ಎಂದು ತಾಯಂದಿರು ಆಕ್ಷೇಪಿಸಬಹುದು. ಆಕ್ಷೇಪವು ನ್ಯಾಯವಾದುದೇ. ತಿಂಗಳೆಲ್ಲ ಎಬ್ಬಿಸಬೇಕೆಂದು ನಾವು ಹೇಳುವುದಿಲ್ಲ. ಬಲಾತ್ಕಾರದಿಂದ ಬಂದ ಭಕ್ತಿಯು ಬಲಾತ್ಕಾರವು ನಿಂತೊಡನೆ ನಿಲ್ಲುವುದು. ಒಂದು ಭಾನುವಾರವನ್ನು ಆರಿಸಿಕೊಳ್ಳಿರಿ. ಹಿಂದಿನ ರಾತ್ರಿ ಬೇಗ ಊಟ, ಬೇಗ ನಿದ್ರೆ. ಉಣ್ಣೆಯ ಅಂಗಿ, ಕಿವಿಗೆ ಕುಲಾವಿ. ಗುಡಿ ಹತ್ತಿರವಿದ್ದರೆ ನಡೆದೇ ಹೋಗಿರಿ. ಜಾತ್ರೆಗೆ ಹೋಗುವಾಗ ಚಿಕ್ಕ ಮಕ್ಕಳ ಜೇಬಿನಲ್ಲಿ ತಂದೆಯ ಹೆಸರನ್ನೂ ಫೋನ್ ಸಂಖ್ಯೆಯನ್ನೂ ಬರೆದ ಚೀಟಿಯಿರಲಿ. ತಪ್ಪಿಸಿಕೊಂಡರೆ ಎಲ್ಲಿ ಬಂದು ನಿಲ್ಲಬೇಕೆಂಬುದನ್ನು ಮೊದಲೇ ತೋರಿಸಿಡಿರಿ. ಹೇಮಾವತಿಯಾಗಲಿ ಕಾವೇರಿಯಾಗಲಿ ಶಾಂತವಾಗಿ ಕಂಡಿತೆಂದು ಮಕ್ಕಳನ್ನು ನೀರಿಗಿಳಿಸಬೇಡಿರಿ. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರೆ ಹೊಳೆಯು ಏರಲು ಹೊತ್ತು ಬೇಕಾಗಿಲ್ಲ. ಮೀನಿಗೆ ಪುರಿ ಹಾಕಿದ ಮೇಲೆ ಪ್ಲಾಸ್ಟಿಕ್ ಚೀಲವನ್ನು ನೀರಿಗೆಸೆಯದೆ ಮನೆಗೆ ತನ್ನಿರಿ.

ವೃದ್ಧರ ವಿಷಯವಾಗಿಯೂ ಒಂದು ಮಾತು. ವರ್ಷಕ್ಕೊಮ್ಮೆ, ಆಶ್ವಯುಜದಲ್ಲಿ, ಕೆಲವೇ ದಿನಗಳು ಬಾಗಿಲು ತೆರೆಯುವ ಹಾಸನಾಂಬೆಯ ದರ್ಶನಕ್ಕೆ ಈಚೆಗೆ ಲಕ್ಷೋಪಲಕ್ಷ ಜನರು ಬರುವರು. ಸಾಲಿನಲ್ಲಿ ಗಂಟೆಗಟ್ಟಲೆ ನಿಲ್ಲುವುದು ಮೊಳಕಾಲು ನೋಯುವವರಿಂದಾಗದು. ಧನುರ್ಮಾಸದ ಊರಗುಡಿಯಲ್ಲಿ ಆ ಕಷ್ಟವಿಲ್ಲ. ಕಂಬಕ್ಕೊರಗಿ ಕೂಡಲು ಸ್ಥಳವುಂಟು, ಅರ್ಚಕರಿಗೆ ಹೆಸರು ಗೊತ್ತುಂಟು. ಚಿಕ್ಕ ಊರಿನ ಚಿಕ್ಕ ಉತ್ಸವದ ಸೌಖ್ಯವೇ ಅದು.

ಆದರೆ ಈಗ ಆ ಕಂಬಗಳಿಗೊರಗಿ ಕುಳಿತವರಲ್ಲಿ ಬಹುಪಾಲು ತಲೆನರೆತವರೇ. ಮಗನು ಬೆಂಗಳೂರಿನಲ್ಲಿ, ಮಗಳು ಪರದೇಶದಲ್ಲಿ, ದೊಡ್ಡ ಮನೆಯಲ್ಲಿ ಇಬ್ಬರೇ ಎಂಬ ಸ್ಥಿತಿಯು ನಮ್ಮ ನಾಲ್ಕು ಪಟ್ಟಣಗಳ ಬೀದಿಬೀದಿಗಳಲ್ಲಿಯೂ ಉಂಟು. ಹುಗ್ಗಿಯ ಪಾತ್ರೆ ಚಿಕ್ಕದಾಗಿರುವುದು. ಆಗಮನ ಕಾಲವೆಂಬ ಹೆಸರು ಯಾರಿಗಾದರೂ ಅಕ್ಷರಶಃ ಒಪ್ಪುವುದಾದರೆ ಅದು ಈ ಮನೆಗಳವರಿಗೆ. ಅವರು ಕಾಯುತ್ತಿರುವುದು ಸೂರ್ಯನನ್ನಲ್ಲ, ಬಸ್ಸಿನಿಂದಿಳಿಯುವ ಮೊಮ್ಮಕ್ಕಳನ್ನು. ಸಂಕ್ರಾಂತಿಯ ದಿನ ಬೆಳಗ್ಗೆ ಬಂದು, ಊಟ ಮಾಡಿ, ಸಂಜೆಯ ಗಾಡಿಗೆ ಹೊರಡುವ ಮಕ್ಕಳಿಗೆ ನಮ್ಮದೊಂದು ಸೂಚನೆಯುಂಟು. ಅನೇಕ ಶಾಲೆಗಳಿಗೆ ಡಿಸೆಂಬರ್ ಕೊನೆಯಲ್ಲಿ ರಜೆಯಿರುವುದು. ಆ ನಾಲ್ಕು ದಿನ ಮಕ್ಕಳನ್ನು ಅಜ್ಜಿಯ ಮನೆಗೆ ಕರೆತನ್ನಿರಿ. ಹಬ್ಬದೂಟಕ್ಕಿಂತ ಹಬ್ಬದ ಸನ್ನಾಹವೇ ಮಕ್ಕಳಿಗೆ ಹೆಚ್ಚು ರುಚಿಸುವುದು. ಕೊಬ್ಬರಿ ಹೆಚ್ಚುವಾಗ ಅಜ್ಜಿಯ ಬಾಯಿಂದ ಬರುವ ಕಥೆಯು ಹಬ್ಬದ ದಿನದ ಗಡಿಬಿಡಿಯಲ್ಲಿ ಬಾರದು.

ಪರದೇಶದಲ್ಲಿರುವ ಸೋದರಿಯರಿಗೆ ನಮ್ಮ ಉತ್ತರವಿಷ್ಟೆ. ಅಲ್ಲಿಯ ಉತ್ಸವವನ್ನು ಮಕ್ಕಳಿಗೆ ಮನಸಾರೆ ತೋರಿಸಿರಿ. ನೆರೆಯವರೊಡನೆ ಸೇರಿ ದೀಪ ಹಚ್ಚಲಿ, ಗೋಧಿ ಬಿತ್ತಲಿ. ಆ ವಾರಗಳಲ್ಲಿಯೇ ಒಂದು ಮುಂಬೆಳಗು ನಿಮ್ಮ ಒಲೆಯ ಮೇಲೂ ಹುಗ್ಗಿಯಿಟ್ಟು, ಅದರ ಬಟ್ಟಲನ್ನು ಪಕ್ಕದ ಮನೆಗೆ ಮಗುವಿನ ಕೈಯಿಂದಲೇ ಕಳುಹಿಸಿರಿ. ಬೆಳಗಿನ ಪೂಜೆಯನ್ನು ಬಲ್ಲ ಆ ನೆರೆಯವರಿಗೆ ಅದರ ಅರ್ಥವನ್ನು ಬಿಡಿಸಿ ಹೇಳುವ ಕಷ್ಟವು ನಿಮಗಿರದು.

ಇಲ್ಲಿರುವ ಗೃಹಸ್ಥರಿಗೆ ನಾವು ಕೇಳುವುದು ಇನ್ನೂ ಸುಲಭವಾದುದು. ಈ ವರ್ಷ ಎಳ್ಳಿನ ಪೊಟ್ಟಣವನ್ನು ಕೊಳ್ಳುವ ಮುಂಚೆ ಅರ್ಧ ಬಟ್ಟಲು ಕೊಬ್ಬರಿಯನ್ನಾದರೂ ಮನೆಯಲ್ಲಿ ಹೆಚ್ಚಿರಿ. ಹೆಚ್ಚಿದ್ದನ್ನು ಒಣಗಿಸಿ ಕಾಯುವ ಕೆಲಸವನ್ನು ಮನೆಯ ಕಿರಿಯ ಮಗುವಿಗೆ ವಹಿಸಿರಿ. ಅದರಲ್ಲಿ ಕಾಲು ಭಾಗವು ಮಗುವಿನ ಬಾಯಿಗೇ ಹೋಗುವುದು. ಹೋಗಲಿ, ಹಬ್ಬವು ಆ ಮನೆಯಲ್ಲಿ ಉಳಿಯುವುದಕ್ಕೆ ಅದೇ ಬೀಜ.